ಹಾಡು ಹಿಂದುಸ್ತಾನಿ, ದನಿ ಯಾರದು? ಗಂಗೂಬಾಯಿ ಹಾನಗಲ್ ಮತ್ತು ತಾಯಿ ಅಂಬಾಬಾಯಿ

2014ರ ಸೆಪ್ಟೆಂಬರ್ ತಿಂಗಳಲ್ಲಿ ಭಾರತೀಯ ಅಂಚೆ ಇಲಾಖೆ ದೇಶದ ಎಂಟು ಮಂದಿ ಸಂಗೀತಗಾರರ ಅಂಚೆಚೀಟಿಗಳನ್ನು ಹೊರತಂದಿತು. ರವಿಶಂಕರ್, ಅಲಿ ಅಕ್ಬರ್ ಖಾನ್, ವಿಲಾಯತ್ ಖಾನ್, ಡಿ. ಕೆ. ಪಟ್ಟಮ್ಮಾಳ್, ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನಸೂರ, ಕುಮಾರ ಗಂಧರ್ವ ಮತ್ತು ಗಂಗೂಬಾಯಿ ಹಾನಗಲ್. ಇವರಲ್ಲಿ ಕೊನೆಯ ನಾಲ್ವರೂ ಕನ್ನಡ ನೆಲದಲ್ಲಿ ಹುಟ್ಟಿದವರು. ಗಂಗೂಬಾಯಿ ಧಾರವಾಡದಲ್ಲಿ, ಮನಸೂರರು ಧಾರವಾಡದ ಪಕ್ಕದ ಮನಸೂರಿನಲ್ಲಿ, ಭೀಮಸೇನರು ಇಂದಿನ ಗದಗ ಜಿಲ್ಲೆಯಲ್ಲಿ, ಕುಮಾರ ಗಂಧರ್ವರು ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಧಾರವಾಡದಿಂದ ಸುಮಾರು ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಹದಿನಾಲ್ಕು ವರ್ಷಗಳ ಒಳಗೆ ಈ ನಾಲ್ವರೂ ಹುಟ್ಟಿದ್ದಾರೆ.

ಇದನ್ನು ಕೇಳಿದಾಗ ಮುಂಬಯಿ ಕನ್ನಡಿಗರಾದ ನಮಗೆ ಹೆಮ್ಮೆಯಾಗುವುದು ಸಹಜ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ಒಂದು ಪ್ರಶ್ನೆ ಏಳುತ್ತದೆ. ಈ ನಾಲ್ವರೂ ಕಛೇರಿಯಲ್ಲಿ ಮುಖ್ಯವಾಗಿ ಹಾಡಿದ್ದು ಖಯಾಲ್. ಅದರ ಪದಗಳು ಬಹುತೇಕ ಬ್ರಜ್ ಭಾಷೆಯವು. ಅವರ ಗುರುಪರಂಪರೆಗಳ ಬೇರು ಉತ್ತರದ ಮುಸ್ಲಿಂ ಸಂಗೀತಗಾರರ ಮನೆತನಗಳಲ್ಲಿದೆ. ಅವರಿಗೆ ಮೊದಲು ಹೆಸರು ತಂದುಕೊಟ್ಟ ಸಭೆಗಳಲ್ಲಿ ಹೆಚ್ಚಿನವು ಪುಣೆ, ಮುಂಬಯಿಗಳಲ್ಲಿದ್ದವು, ಕೇಳುವವರು ಬಹುಪಾಲು ಮರಾಠಿ ಮಾತಾಡುವವರು. ಹಾಗಿದ್ದರೆ ಈ ಸಂಗೀತದಲ್ಲಿ ಕನ್ನಡದ್ದು ಎನ್ನುವುದು ಯಾವುದು? ಹುಟ್ಟೂರಿನ ಹೆಸರು ಮಾತ್ರವೇ? ಅಥವಾ ಹಾಡಿನ ಒಳಗೇ ಏನಾದರೂ ಇದೆಯೇ?

ಇದು ನಮ್ಮದಷ್ಟೇ ಪ್ರಶ್ನೆಯಲ್ಲ. ಬೇರೆ ನಾಡಿನವರೂ ತಮ್ಮ ಸಂಗೀತಗಾರರ ಬಗ್ಗೆ ಇದನ್ನೇ ಕೇಳಿಕೊಂಡಿದ್ದಾರೆ. ಅದಕ್ಕೊಂದು ಉದಾಹರಣೆ ನೋಡಿ ಆಮೇಲೆ ಧಾರವಾಡಕ್ಕೆ ಬರೋಣ.

ಡೆನ್ಮಾರ್ಕಿನ ಒಂದು ಉದಾಹರಣೆ

1864ರಲ್ಲಿ ಡೆನ್ಮಾರ್ಕ್ ಎಂಬ ಪುಟ್ಟ ದೇಶ ಪ್ರಷ್ಯ ಮತ್ತು ಆಸ್ಟ್ರಿಯಗಳ ಎದುರು ಯುದ್ಧದಲ್ಲಿ ಸೋತು ತನ್ನ ದಕ್ಷಿಣದ ಪ್ರಾಂತ್ಯಗಳನ್ನು ಕಳೆದುಕೊಂಡಿತು. ನೆಲ ಕಳೆದುಕೊಂಡ ಜನ ತಮ್ಮ ಭಾಷೆ, ಹಾಡು, ಶಾಲೆಗಳಲ್ಲಿ ತಮ್ಮತನವನ್ನು ಹುಡುಕತೊಡಗಿದರು. ಅದರ ಮರುವರ್ಷ, 1865ರಲ್ಲಿ, ಫ್ಯೂನ್ ಎಂಬ ದ್ವೀಪದ ಹಳ್ಳಿಯೊಂದರಲ್ಲಿ ಕಾರ್ಲ್ ನೀಲ್ಸನ್ ಹುಟ್ಟಿದ. ತಂದೆ ಮನೆಗಳಿಗೆ ಬಣ್ಣ ಬಳಿಯುವವನು, ಊರಿನ ಮದುವೆಗಳಲ್ಲಿ ಪಿಟೀಲು ನುಡಿಸುವವನು. ಮಗನೂ ಪಿಟೀಲು ಹಿಡಿದು ಬೆಳೆದು ಡೆನ್ಮಾರ್ಕಿನ ಅತಿ ದೊಡ್ಡ ಸಂಗೀತಗಾರನಾದ. ಆ ದೇಶದ ನೂರು ಕ್ರೋನರ್ ನೋಟಿನ ಮೇಲೂ ಕೆಲವು ವರ್ಷ ಅವನ ಚಿತ್ರವಿತ್ತು.

ಪಕ್ಕದ ನಾರ್ವೆಯ ಗ್ರೀಗ್ ಹಳ್ಳಿಯ ಪಿಟೀಲು ಕುಣಿತದ ಧಾಟಿಗಳನ್ನೇ ಪಿಯಾನೋಗೆ ತಂದು ಇದು ನಾರ್ವೆಯದು ಎಂದು ಲೋಕಕ್ಕೆ ತೋರಿಸಿದ್ದ. ನೀಲ್ಸನ್ನನಿಗೆ ಹಳ್ಳಿಯ ಧಾಟಿಗಳು ಬಾಲ್ಯದಿಂದ ಕಿವಿಯಲ್ಲೇ ಇದ್ದವು. ಆದರೂ ಪಿಯಾನೋಗೆ ಬರೆಯುವಾಗ ಅವನು ಆ ದಾರಿಯನ್ನು ನೆಚ್ಚಿಕೊಳ್ಳಲಿಲ್ಲ. 1916ರ ಶಕೋನ್, 1917ರ ವಸ್ತು ಮತ್ತು ವಿಸ್ತಾರಗಳು, 1920ರಲ್ಲಿ ಮುಗಿಸಿದ ಸೂಟ್ ಇವೆಲ್ಲ ಯೂರೋಪಿನಲ್ಲಿ ಎಲ್ಲರಿಗೂ ಗೊತ್ತಿದ್ದ ಪ್ರಕಾರಗಳು. ಸಾಯುವ ಹಿಂದಿನ ವರ್ಷ, 1930ರಲ್ಲಿ, ಮಕ್ಕಳಿಗೂ ದೊಡ್ಡವರಿಗೂ ಎಂದು ಪುಟ್ಟ ಪುಟ್ಟ ರಚನೆಗಳನ್ನು ಬರೆದ. ಅವುಗಳಲ್ಲಿ ಕೈ ಐದು ಸ್ವರಗಳ ಜಾಗ ಬಿಟ್ಟು ಅಲುಗುವುದಿಲ್ಲ.

ಪಿಯಾನೋ ಹುಟ್ಟಿದ್ದು ಇಟಲಿಯಲ್ಲಿ, ಬೆಳೆದದ್ದು ಹೆಚ್ಚಾಗಿ ಜರ್ಮನ್ ನಾಡುಗಳಲ್ಲಿ. ಅದರಲ್ಲಿ ಮಾತಿಲ್ಲ, ಆದ್ದರಿಂದ ಡ್ಯಾನಿಶ್ ಭಾಷೆಯೂ ಇಲ್ಲ. ನೀಲ್ಸನ್ ಬರೆದ ಸರಳ ಹಾಡುಗಳನ್ನು ಡೆನ್ಮಾರ್ಕಿನ ಜನ ಶಾಲೆಗಳಲ್ಲಿ, ಮನೆಗಳಲ್ಲಿ ಹಾಡುತ್ತಾ ತಮ್ಮವೆಂದು ಅಪ್ಪಿಕೊಂಡರು, ಅಲ್ಲಿ ಭಾಷೆ ಕೈಹಿಡಿಯಿತು. ಪಿಯಾನೋ ರಚನೆಗಳ ವಿಷಯದಲ್ಲಿ ಮಾತ್ರ, ಇದರಲ್ಲಿ ಡ್ಯಾನಿಶ್ ಯಾವುದು ಎಂದು ಸಂಗೀತ ಬಲ್ಲವರು ಇಂದಿಗೂ ಚರ್ಚಿಸುತ್ತಾರೆ.

ನಮ್ಮ ಖಯಾಲೂ ಹೆಚ್ಚುಕಡಿಮೆ ಹೀಗೆಯೇ. ಎರಡು ಸಾಲಿನ ಪದವನ್ನು ಮುಕ್ಕಾಲು ಗಂಟೆ ಹಾಡುವಾಗ ಭಾಷೆ ಎನ್ನುವುದು ಸ್ವರಕ್ಕೆ ಒಂದು ಆಸರೆ ಅಷ್ಟೆ. ಅದರಲ್ಲಿ ನಮ್ಮತನವನ್ನು ಹುಡುಕುವವರು ಸಾಮಾನ್ಯವಾಗಿ ಮೂರು ಕಡೆ ಹುಡುಕುತ್ತಾರೆ: ಪದದಲ್ಲಿ, ಜನಪದ ಧಾಟಿಯಲ್ಲಿ, ಊರಿನ ಶೈಲಿಯಲ್ಲಿ. ಈ ಮೂರನ್ನೂ ಒಂದೊಂದಾಗಿ ನೋಡಬಹುದು. ಅದಕ್ಕೆ ಮೊದಲು, ಹಿಂದುಸ್ತಾನಿ ಸಂಗೀತ ಧಾರವಾಡಕ್ಕೆ ಬಂದದ್ದು ಹೇಗೆ ಎಂಬುದನ್ನು ತಿಳಿಯಬೇಕು.

ಧಾರವಾಡಕ್ಕೆ ಬಂದ ದಾರಿ

1818ರಲ್ಲಿ ಪೇಶ್ವೆಯ ಆಡಳಿತ ಮುಗಿದ ಮೇಲೆ ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಕನ್ನಡ ಪ್ರದೇಶಗಳು ಬ್ರಿಟಿಷರ ಮುಂಬಯಿ ಪ್ರಾಂತ್ಯಕ್ಕೆ ಸೇರಿದವು. ಅಲ್ಲಿಂದ 1956ರ ಏಕೀಕರಣದವರೆಗೆ ಅಲ್ಲಿನ ಕನ್ನಡಿಗರ ರಾಜಧಾನಿ ನಮ್ಮ ಈ ಮುಂಬಯಿಯೇ. ಮನೆಮಾತು ಕನ್ನಡವಾದರೂ ಕಚೇರಿ ಮತ್ತು ಶಾಲೆಯಲ್ಲಿ ಬಹುಕಾಲ ಮರಾಠಿಯ ಮೇಲುಗೈ ಇತ್ತು. ಡೆಪ್ಯೂಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ದುಡಿದದ್ದು, 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಕಾರಣಕ್ಕೆ. ರಂಗಭೂಮಿಯಲ್ಲೂ ಮರಾಠಿ ನಾಟಕ ಮಂಡಳಿಗಳದ್ದೇ ಅಬ್ಬರ. ಅವುಗಳಿಗೆ ಎದುರಾಗಿ ಶಾಂತಕವಿಗಳು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು.

ಅದೇ ಹೊತ್ತಿಗೆ ಆ ಮಂಡಳಿಗಳ ಜೊತೆಯಲ್ಲೇ ಹಿಂದುಸ್ತಾನಿ ರಾಗಗಳೂ ಈ ಸೀಮೆಗೆ ಬಂದವು. ಮರಾಠಿ ಸಂಗೀತ ನಾಟಕದ ಹಾಡುಗಳನ್ನು ಊರೂರಿನ ಜನ ಗುನುಗಿದರು. ರೈಲು ಬಂದ ಮೇಲೆ ಪುಣೆ, ಮಿರಜದಿಂದ ಹುಬ್ಬಳ್ಳಿಗೆ ಬರುವುದು ಸುಲಭವಾಯಿತು. ಮೈಸೂರು ಅರಸರ ದಸರೆಗೆ ಹೋಗುವ ಉತ್ತರದ ಗಾಯಕರು ದಾರಿಯಲ್ಲಿ ಧಾರವಾಡ, ಹುಬ್ಬಳ್ಳಿಗಳಲ್ಲಿ ಇಳಿದು ಹಾಡಿ ಮುಂದೆ ಹೋಗುತ್ತಿದ್ದರು. ಭಾಸ್ಕರಬುವಾ ಬಖಲೆಯವರು ಕೆಲಕಾಲ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದರು. ಗದುಗಿನಲ್ಲಿ ಅಂಧರಾದ ಪಂಚಾಕ್ಷರಿ ಗವಾಯಿಗಳು ಬಡ ಮಕ್ಕಳಿಗೆ, ಕಣ್ಣಿಲ್ಲದ ಮಕ್ಕಳಿಗೆ ಅನ್ನವಿಟ್ಟು ಸಂಗೀತ ಹೇಳಿಕೊಟ್ಟರು. ಬಸವರಾಜ ರಾಜಗುರು ಬೆಳೆದದ್ದು ಅವರ ಆಶ್ರಯದಲ್ಲಿ.

ಈ ಗಾಯಕರಲ್ಲಿ ನಮ್ಮ ಕಥೆಗೆ ಮುಖ್ಯವಾದವರು ಅಬ್ದುಲ್ ಕರೀಂ ಖಾನ್. ಉತ್ತರ ಪ್ರದೇಶದ ಕೈರಾನಾ ಅವರ ಊರು. ಕಿರಾನಾ ಘರಾನೆಗೆ ಹೆಸರು ಬಂದದ್ದು ಅದರಿಂದಲೇ. ಕೊನೆಗೆ ಮಿರಜದಲ್ಲಿ ನೆಲೆಸಿದ ಅವರು ಮೈಸೂರು, ಮದ್ರಾಸುಗಳವರೆಗೆ ಓಡಾಡಿದವರು. ಕರ್ನಾಟಕ ಸಂಗೀತವನ್ನು ಮನಸ್ಸಿಟ್ಟು ಕೇಳಿದರು, ಅದರ ಸ್ವರ ಹಾಡುವ ರೀತಿಯನ್ನು ತಮ್ಮ ಸರಗಮ್‌ಗೆ ತಂದುಕೊಂಡರು, ತ್ಯಾಗರಾಜರ ಕೃತಿಯನ್ನು ರೆಕಾರ್ಡ್ ಕೂಡ ಮಾಡಿದರು. 1937ರಲ್ಲಿ ಅವರು ತೀರಿಕೊಂಡದ್ದೂ ಮದ್ರಾಸಿನ ಹತ್ತಿರದ ಒಂದು ರೈಲು ನಿಲ್ದಾಣದಲ್ಲಿ, ಪುದುಚೇರಿಗೆ ಹೊರಟಿದ್ದಾಗ. ಕುಂದಗೋಳದ ರಾಮಭಾವು ಎಂಬ ಕನ್ನಡದ ಹುಡುಗ ಅವರ ಶಿಷ್ಯನಾದ. ಮುಂದೆ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಗಳನ್ನು ಮಾಡಿ ‘ಸವಾಯಿ ಗಂಧರ್ವ’ ಎಂದು ಹೆಸರಾದ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಬೇಕು. ಮರಾಠಿಯ ನೆರಳಿನಿಂದ ಕನ್ನಡವನ್ನು ಹೊರತರಲು ಸಂಘಗಳು ಹೋರಾಡುತ್ತಿದ್ದ ಕಾಲದಲ್ಲೇ ಕನ್ನಡದ ಶ್ರೇಷ್ಠ ಗಾಯಕರು ಮರಾಠಿ ರಂಗಗೀತೆಗಳಿಂದ ಹೆಸರು ಮಾಡುತ್ತಿದ್ದರು. ಇದನ್ನು ದ್ರೋಹವೆಂದು ಯಾರೂ ಭಾವಿಸಲಿಲ್ಲ. ಭಾಷೆಯ ಗಡಿ ಒಂದು ಕಡೆ ಇದ್ದರೆ ಸಂಗೀತದ ಗಡಿ ಬೇರೊಂದು ಕಡೆ ಇತ್ತು.

ಬೀದಿಯಲ್ಲಿ ಕೇಳಿದ ಗ್ರಾಮಫೋನು

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು. ತಂದೆ ಚಿಕ್ಕೂರಾವ್ ನಾಡಿಗೇರ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಖಾನ್ ಸಾಹೇಬರು ಈ ಕಡೆ ಬಂದಾಗ ಮನೆಗೆ ಬಂದು ಅಂಬಾಬಾಯಿಯವರ ಹಾಡು ಕೇಳುತ್ತಿದ್ದರೆಂದು ಗಂಗೂಬಾಯಿ ನೆನೆಸಿಕೊಂಡಿದ್ದಾರೆ. ಕಿರಾನಾ ಘರಾನೆಯ ದೊಡ್ಡ ಗಾಯಕರು ಧಾರವಾಡದ ಒಂದು ಸಣ್ಣ ಮನೆಯಲ್ಲಿ ಕೂತು ಒಬ್ಬ ಹೆಣ್ಣುಮಗಳ ಸ್ವರಗಳಿಗೆ ಕಿವಿಗೊಡುತ್ತಿದ್ದರು ಎಂಬುದನ್ನು ನಾವು ಮರೆಯಬಾರದು.

ಮನೆಯಲ್ಲಿ ಇಂಥ ವಿದ್ಯೆ ಇರುವಾಗ ಮಗಳು ಅದನ್ನೇ ಕಲಿಯಬೇಕಿತ್ತು. ಆದರೆ ಬೀದಿಯಲ್ಲಿ ಗ್ರಾಮಫೋನಿನ ಸದ್ದು ಕೇಳಿದರೆ ಸಾಕು, ಹುಡುಗಿ ಓಡುತ್ತಿದ್ದಳು. ಕೇಳಿದ್ದನ್ನು ಮನೆಗೆ ಬಂದು ಗುನುಗುತ್ತಿದ್ದಳು. ಅದು ಹಿಂದುಸ್ತಾನಿ. ದೇಶದ ಅಭಿಮಾನವಾಗಲಿ, ಭಾಷೆಯ ಅಭಿಮಾನವಾಗಲಿ ಅವಳನ್ನು ಆ ಕಡೆ ಎಳೆಯಲಿಲ್ಲ, ಎಳೆದದ್ದು ಕಿವಿಗೆ ಬಿದ್ದ ಒಂದು ನಾದ.

ತಾಯಿ ಮಗಳ ಒಲವನ್ನು ಕಂಡುಕೊಂಡರು. 1928ರಲ್ಲಿ ಸಂಸಾರ ಹುಬ್ಬಳ್ಳಿಗೆ ಬಂತು, ಮಗಳಿಗೆ ಹಿಂದುಸ್ತಾನಿ ಕಲಿಸುವವರು ಅಲ್ಲಿ ಸಿಗುತ್ತಾರೆಂದು. ಕೃಷ್ಣಾಚಾರ್ಯ ಹುಲಗೂರರಲ್ಲಿ ಪಾಠ ಶುರುವಾಯಿತು, ನಂತರ ದತ್ತೋಪಂತ ದೇಸಾಯಿಯವರಲ್ಲಿ ಮುಂದುವರಿಯಿತು. ಅಂಬಾಬಾಯಿಯವರ ದೊಡ್ಡ ನಿರ್ಧಾರ ಇದರ ಜೊತೆಯಲ್ಲೇ ಬಂದದ್ದು. ಮನೆಯಲ್ಲಿ ತಾನು ಕರ್ನಾಟಕ ಶೈಲಿಯಲ್ಲಿ ಹಾಡುತ್ತಿದ್ದರೆ ಅದರ ಗಮಕ, ಅದರ ವೇಗ ಮಗಳ ಗಂಟಲಿಗೆ ಅಂಟಿಕೊಂಡೀತು, ಹಿಂದುಸ್ತಾನಿಯ ಶುದ್ಧಿ ಕೆಟ್ಟೀತು ಎಂದು ಅವರು ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. 1932ರಲ್ಲಿ ಅವರು ತೀರಿಕೊಂಡರು. ಮಗಳ ಹೆಸರು ದೇಶವೆಲ್ಲ ಹಬ್ಬಿದ್ದನ್ನು ನೋಡಲು ಅವರಿರಲಿಲ್ಲ.

ಈಗ ಎರಡನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಅಬ್ದುಲ್ ಕರೀಂ ಖಾನರು ಕರ್ನಾಟಕ ಸಂಗೀತದಿಂದ ಸ್ವರ ಹಾಡುವ ರೀತಿಯನ್ನು ತೆಗೆದುಕೊಂಡಾಗ ಅದು ಅವರ ಶೈಲಿಗೆ ಒಂದು ಹೊಸ ಒಡವೆಯಾಯಿತು. ಅವರ ಹಿಂದುಸ್ತಾನಿ ಕೆಟ್ಟಿತು ಎಂದು ಅವರ ಅಭಿಮಾನಿಗಳು ಹೇಳಲಿಲ್ಲ. ಅದೇ ಕರ್ನಾಟಕ ಸಂಗೀತ ಅಂಬಾಬಾಯಿಯವರ ಬಾಯಲ್ಲಿದ್ದಾಗ ಮಗಳಿಗೆ ತಗುಲಬಾರದ ದೋಷವಾಯಿತು. ಹೆಸರಾಂತ ಉಸ್ತಾದರು ಎರಡು ಪದ್ಧತಿಗಳನ್ನು ಬೆರೆಸಬಹುದಿತ್ತು. ಹಾಡುವ ಹೆಂಗಸಿನ ಮಗಳಿಗೆ ಆ ಸಲುಗೆ ಇರಲಿಲ್ಲ. ಅವಳು ಎಲ್ಲೂ ತಪ್ಪು ತೋರಿಸಲಾಗದಂತೆ ಶುದ್ಧವಾಗಿ ಹಾಡಿದರೆ ಮಾತ್ರ ಸಭೆ ಅವಳನ್ನು ಒಪ್ಪುತ್ತಿತ್ತು. ಅಂಬಾಬಾಯಿ ಲೋಕ ಕಂಡವರು, ಅವರಿಗೆ ಇದು ತಿಳಿದಿತ್ತೆಂದು ನನಗನ್ನಿಸುತ್ತದೆ.

ಆ ಕಾಲದ ಸಮಾಜ ಎಂಥದು ಎಂಬುದಕ್ಕೆ ಇನ್ನೊಂದು ಘಟನೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಅಧಿವೇಶನ ಅದು. ಸ್ವಾಗತಗೀತೆ ಹಾಡಿದ ಹುಡುಗಿಯರಲ್ಲಿ ಹನ್ನೊಂದು ವರ್ಷದ ಗಂಗೂಬಾಯಿಯೂ ಇದ್ದರು. ಇಡೀ ದೇಶದ ನಾಯಕರ ಎದುರು ಹಾಡುವ ಸಂಭ್ರಮಕ್ಕಿಂತ ಆ ಮಗುವಿನ ಮನಸ್ಸಿನಲ್ಲಿ ಇದ್ದದ್ದು ಬೇರೊಂದು ಅಳುಕು: ಜಾತಿಯ ಕಾರಣಕ್ಕೆ ಊಟದ ಹೊತ್ತಿನಲ್ಲಿ ತನ್ನ ಕೈಯಲ್ಲಿ ಎಂಜಲೆಲೆ ಎತ್ತಿಸುತ್ತಾರೋ ಏನೋ ಎಂದು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ನಾಡು ನುಡಿಯ ಹಾಡು ಬಾಯಲ್ಲಿ, ಈ ನಾಡಿನಲ್ಲಿ ನನ್ನ ಜಾಗ ಯಾವುದು ಎಂಬ ಭಯ ಹೊಟ್ಟೆಯಲ್ಲಿ. ನಮ್ಮತನದ ಬಗ್ಗೆ ಮಾತಾಡುವಾಗ ಈ ಹುಡುಗಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕುಂದಗೋಳದ ಪಾಠ, ಮುಂಬಯಿಯ ಪ್ಲೇಟು

1930ರ ದಶಕದ ಆರಂಭದಲ್ಲಿ ಎಚ್‌ಎಂವಿ ಕಂಪನಿ ಹೊರತಂದ ಗಂಗೂಬಾಯಿಯವರ ಮೊದಲ ಪ್ಲೇಟುಗಳ ಮೇಲೆ ಇದ್ದ ಹೆಸರು ‘ಗಾಂಧಾರಿ ಹುಬ್ಬಳ್ಳಿ’. ಆಗ ಅವರ ದನಿ ತೆಳು, ಏರು. ಜಿ. ಎನ್. ಜೋಶಿಯವರ ಜೊತೆ ಹಾಡಿದ ಮರಾಠಿ ಭಾವಗೀತೆಗಳು ಮಹಾರಾಷ್ಟ್ರದಲ್ಲಿ ಜನಪ್ರಿಯವಾದವು. ಅದೇ ದಾರಿಯಲ್ಲಿ ಹೋಗಿದ್ದರೆ ಹಣ, ಹೆಸರು ಎರಡೂ ಸುಲಭವಾಗಿ ಸಿಗುತ್ತಿದ್ದವು.

ಅವರು ಹಿಡಿದದ್ದು ಕುಂದಗೋಳದ ದಾರಿ. ಸವಾಯಿ ಗಂಧರ್ವರು ನಾಟಕದ ಬದುಕು ಬಿಟ್ಟು ಊರಿಗೆ ಮರಳಿದ ಮೇಲೆ, 1930ರ ದಶಕದ ಕೊನೆಯಲ್ಲಿ, ಹುಬ್ಬಳ್ಳಿಯಿಂದ ರೈಲಿನಲ್ಲಿ ಸುಮಾರು 20 ಕಿಲೋಮೀಟರ್ ದೂರದ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಸಂಜೆ ಮರಳುವುದು. ಮನೆಯಲ್ಲಿ ಚಿಕ್ಕ ಮಕ್ಕಳು, ಸಂಸಾರದ ಭಾರ. ಹದಿಹರೆಯದ ಭೀಮಸೇನರು ಆಗ ಅದೇ ಗುರುವಿನ ಮನೆಯಲ್ಲಿದ್ದರು. ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರೂ ಇದೇ ಗುರುವಿನ ಶಿಷ್ಯರು. ಬೆಳಿಗ್ಗೆ ಲೋಕಲ್ ಹಿಡಿದು ಕೆಲಸಕ್ಕೆ ಹೋಗಿ ಸಂಜೆ ಮನೆಯ ಚಿಂತೆಯಲ್ಲಿ ಮರಳುವ ನಮ್ಮಲ್ಲಿ ಅನೇಕರಿಗೆ ಆ ರೈಲುಪ್ರಯಾಣ ಹೇಗಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಗುರು ಕಲಿಸಿದ್ದನ್ನು ಗಂಗೂಬಾಯಿ ಒಂದು ಹೋಲಿಕೆಯಲ್ಲಿ ಹೇಳುತ್ತಿದ್ದರು. ಜಿಪುಣ ತನ್ನ ದುಡ್ಡನ್ನು ಒಂದೊಂದಾಗಿ ಎಣಿಸಿ ಖರ್ಚು ಮಾಡುವಂತೆ ಸ್ವರಗಳನ್ನು ಬಳಸಬೇಕು, ಆಗ ಕೇಳುವವರಿಗೆ ಪ್ರತಿ ಸ್ವರದ ಬೆಲೆ ತಿಳಿಯುತ್ತದೆ ಎಂದು. ಕಿರಾನಾ ಶೈಲಿಯ ತಿರುಳೇ ಇದು. ರಾಗವನ್ನು ನಿಧಾನವಾಗಿ, ಸ್ವರದ ಮೇಲೆ ಸ್ವರ ಇಟ್ಟು ಕಟ್ಟುತ್ತಾ ಹೋಗುವುದು. 1945ರ ನಂತರ ಅವರು ಭಜನೆ, ಠುಮ್ರಿಗಳನ್ನು ಬಿಟ್ಟು ರಾಗಸಂಗೀತಕ್ಕೇ ತಮ್ಮನ್ನು ಒಪ್ಪಿಸಿಕೊಂಡರು.

ಈ ನಡುವೆ ಗಂಟಲ ತೊಂದರೆ, ಶಸ್ತ್ರಚಿಕಿತ್ಸೆ. ದನಿಯೇ ಬದಲಾಯಿತು. ತೆಳುವಾಗಿದ್ದದ್ದು ದಪ್ಪವಾಯಿತು, ಕೆಳಗಿಳಿಯಿತು. ರೇಡಿಯೋದಲ್ಲಿ ಕೇಳಿದವರು ಗಂಡಸು ಹಾಡುತ್ತಿದ್ದಾನೆ ಎಂದುಕೊಳ್ಳುವಷ್ಟು. ಹೆಣ್ಣಿನ ಹಾಡೆಂದರೆ ಇಂಪು, ಮೃದು ಎಂದುಕೊಂಡಿದ್ದ ಕಾಲದಲ್ಲಿ ಇದು ಹಾಡುವ ಬದುಕನ್ನೇ ಮುಗಿಸಬಹುದಿತ್ತು. ಗಂಗೂಬಾಯಿ ಆ ಗಡಸು ದನಿಯನ್ನು ಮರೆಮಾಚಲಿಲ್ಲ, ಇಂಪಾಗಿಸಲೂ ಹೋಗಲಿಲ್ಲ. ಅದರಲ್ಲೇ ತುಂಬುಗಂಟಲಿನಿಂದ ಹಾಡಿದರು. ಅವರ ಶೈಲಿ ಎಂದು ನಾವು ಇಂದು ಗುರುತಿಸುವುದು ಈ ದನಿಯನ್ನೇ. ಇದನ್ನು ಯಾವ ಘರಾನೆಯೂ ಅವರಿಗೆ ಕೊಟ್ಟದ್ದಲ್ಲ.

ಮೂರು ಜಾಗದಲ್ಲಿ ಹುಡುಕಿದರೆ

ಈಗ ಮೊದಲಿನ ಪ್ರಶ್ನೆಗೆ ಮರಳೋಣ. ಕನ್ನಡತನ ಪದದಲ್ಲಿದೆಯೇ? ಇದೆ ಎನ್ನಲು ಆಧಾರವಿದೆ. ಮನಸೂರರು, ರಾಜಗುರುಗಳು ವಚನಗಳನ್ನು ಹಾಡಿದರು. ಭೀಮಸೇನರು ಹಾಡಿದ ದಾಸರ ಪದಗಳು ಮುಂಬಯಿಯ ಕನ್ನಡ ಮನೆಗಳಲ್ಲಿ ಇಂದಿಗೂ ಶುಕ್ರವಾರದ ಪೂಜೆಗೆ ಕೇಳಿಬರುತ್ತವೆ. ಹಿಂದುಸ್ತಾನಿ ರಾಗದ ಮೇಲೆ ಕನ್ನಡದ ಮಾತು ಕೂತು ಹೊಸದೊಂದು ಪ್ರಕಾರವೇ ಬೆಳೆಯಿತು. ಆದರೆ ಇದೇ ಅಳತೆಗೋಲಾದರೆ ಖಯಾಲಿಗೇ ತನ್ನನ್ನು ಒಪ್ಪಿಸಿಕೊಂಡ ಗಂಗೂಬಾಯಿ ಹೊರಗುಳಿಯಬೇಕಾಗುತ್ತದೆ. ಮರಾಠಿ ಅಭಂಗಗಳನ್ನು ಹಾಡಿದ ಭೀಮಸೇನರನ್ನು ಅರ್ಧ ಮಾತ್ರ ನಮ್ಮವರು ಎನ್ನಬೇಕಾಗುತ್ತದೆ. ಯಾವ ಕನ್ನಡಿಗರೂ ಇದನ್ನು ಒಪ್ಪಲಾರರು.

ಜನಪದ ಧಾಟಿಯಲ್ಲಿದೆಯೇ? ಜನಪದದಿಂದ ರಾಗ ಕಟ್ಟಿದ ನಮ್ಮವರೆಂದರೆ ಕುಮಾರ ಗಂಧರ್ವ. ಶಿವಪುತ್ರ ಸಿದ್ಧರಾಮಯ್ಯ ಕೋಮಕಾಳಿಮಠ ಎಂಬ ಬಾಲಕ ಮುಂಬಯಿಗೆ ಬಂದು ಬಿ. ಆರ್. ದೇವಧರ್ ಅವರಲ್ಲಿ ಕಲಿತು, ಕ್ಷಯರೋಗಕ್ಕೆ ತುತ್ತಾಗಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆನಿಂತರು. ಅಲ್ಲಿ ಹಾಸಿಗೆಯಲ್ಲಿ ಮಲಗಿ ಕೇಳಿದ ಮಾಳವದ ಹೆಂಗಸರ ಹಾಡುಗಳಿಂದ ಹೊಸ ರಾಗಗಳನ್ನು ಕಂಡರು. ಗ್ರೀಗ್ ನಾರ್ವೆಯಲ್ಲಿ ಮಾಡಿದಂಥದ್ದೇ ಕೆಲಸ, ಆದರೆ ಅವರ ಕೈಗೆ ಸಿಕ್ಕಿದ್ದು ಬೆಳಗಾವಿಯ ಸೋಬಾನೆಯಲ್ಲ, ಮಾಳವದ ಹಾಡು. ಅವರು ಬದುಕಿದ ಊರಿನ ಹಾಡೇ ಅವರ ಹಾಡಾಯಿತು.

ಊರಿನ ಶೈಲಿಯಲ್ಲಿದೆಯೇ? ‘ಧಾರವಾಡದ ಗಾಯನ’ ಎಂದು ನಾವು ಅಭಿಮಾನದಿಂದ ಹೇಳುತ್ತೇವೆ, ಆದರೆ ಅಂಥ ಒಂದು ಘರಾನೆ ಇಲ್ಲ. ಗಂಗೂಬಾಯಿ, ಭೀಮಸೇನರು ಕಿರಾನಾ. ಮನಸೂರರು ಮೊದಲು ನೀಲಕಂಠಬುವಾ ಮಿರಜಕರರಿಂದ ಗ್ವಾಲಿಯರ್ ಪಾಠ, ಆಮೇಲೆ ಮುಂಬಯಿಯಲ್ಲಿ ಮಂಜಿಖಾನರಿಂದ, ಮುಂದೆ ಅವರ ತಮ್ಮ ಬುರ್ಜಿಖಾನರಿಂದ ಜೈಪುರ ಪಾಠ ಕಲಿತವರು. ಕುಮಾರರು ಯಾವ ಘರಾನೆಯ ಬೇಲಿಯನ್ನೂ ಒಪ್ಪದವರು. ಒಂದೇ ಗುರುವಿನ ಮನೆಯಲ್ಲಿ ಕಲಿತ ಗಂಗೂಬಾಯಿ ಮತ್ತು ಭೀಮಸೇನರ ಹಾಡನ್ನೇ ಒಂದಾದ ಮೇಲೊಂದು ಕೇಳಿ. ಗುರು ಒಬ್ಬರೇ, ಹಾಡು ಎರಡು ಬಗೆ.

ಮೂರೂ ಜಾಗದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ನಾನು ನೋಡುವ ರೀತಿ ಬೇರೆ. ಒಂದು ಸಂಗೀತ ಒಂದು ನಾಡಿನದಾಗುವುದು ಅಲ್ಲಿನ ಜನ ಅದಕ್ಕಾಗಿ ತಮ್ಮದನ್ನು ಏನಾದರೂ ತೆತ್ತಾಗ. ಗದುಗಿನ ಗವಾಯಿಗಳು ಭಿಕ್ಷೆ ಬೇಡಿ ಮಕ್ಕಳನ್ನು ಸಾಕಿದರು. ಸವಾಯಿ ಗಂಧರ್ವರು ರಂಗದ ಬೆಳಕು ಬಿಟ್ಟು ಹಳ್ಳಿಗೆ ಮರಳಿ ಪಾಠ ಹೇಳಿದರು. ಗಂಗೂಬಾಯಿ ಸಂಸಾರದ ನಡುವೆ ರೈಲು ಹತ್ತಿದರು. ಕೈರಾನಾದ ಹಾಡು ಕನ್ನಡದ ಹಾಡಾದದ್ದು ಈ ದುಡಿಮೆಯಿಂದ. ಇವರೆಲ್ಲರಿಗಿಂತ ಹೆಚ್ಚು ತೆತ್ತವರು ಅಂಬಾಬಾಯಿ. ಅವರು ತೆತ್ತದ್ದು ತಮ್ಮ ಸ್ವಂತ ದನಿಯನ್ನೇ.

ಲೆಕ್ಕದಲ್ಲಿ ಸೇರದ ಹೆಸರು

ಈ ಕೊಡುಗೆಯನ್ನು ತ್ಯಾಗ ಎಂದು ಹೊಗಳಿ ಮುಂದೆ ಹೋಗುವುದು ಸುಲಭ. ನಮ್ಮ ಸಮಾರಂಭಗಳಲ್ಲಿ ತಾಯಂದಿರ ತ್ಯಾಗದ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಇದರಲ್ಲಿ ನಷ್ಟವೂ ಇದೆ. ಖಾನ್ ಸಾಹೇಬರು ಕೂತು ಕೇಳುವಷ್ಟು ವಿದ್ವತ್ತಿದ್ದ ಒಬ್ಬ ಗಾಯಕಿಯನ್ನು ನಾವು ಇಂದು ಅರಿತಿರುವುದು ಮಗಳ ನೆನಪಿನ ಮೂಲಕ ಮಾತ್ರ. ಧಾರವಾಡದಲ್ಲಿ ಕರ್ನಾಟಕ ಸಂಗೀತ ಹಾಡುತ್ತಿದ್ದ ಅಂಥ ಹೆಂಗಸರ ಪರಂಪರೆ ಒಂದಿತ್ತು ಎಂಬುದೇ ಹೆಚ್ಚಿನವರಿಗೆ ಗೊತ್ತಿಲ್ಲ. ಹಿಂದುಸ್ತಾನಿ ಗೆದ್ದ ಕಥೆಯನ್ನು ಹೇಳುವಾಗ ಮೌನವಾದ ಮನೆಯ ಹಾಡನ್ನೂ ನೆನೆಯಬೇಕು.

ಗಂಗೂಬಾಯಿಯವರಿಗೆ ಇದರ ಅರಿವಿತ್ತು. ಗಂಡು ಗಾಯಕ ಮುಸಲ್ಮಾನನಾದರೆ ಉಸ್ತಾದ್ ಆಗುತ್ತಾನೆ, ಹಿಂದುವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೊಗೂಬಾಯಿಯಂಥವರು ಮಾತ್ರ ಬಾಯಿಯಾಗಿಯೇ ಉಳಿಯುತ್ತಾರೆ ಎಂಬ ಅವರ ಮಾತು ಸಂಗೀತ ವಲಯದಲ್ಲಿ ಬಲು ಪ್ರಸಿದ್ಧ. ಅವರ ಹೆಸರನ್ನೇ ನೋಡಿ. ತಂದೆಯ ಮನೆತನ ನಾಡಿಗೇರ. ಪತಿ ಗುರುರಾವ್ ಅವರದು ಕೌಲಗಿ. ಅವರು ಲೋಕಕ್ಕೆ ಪರಿಚಯವಾದದ್ದು ಪೂರ್ವಿಕರ ಊರಾದ ಹಾನಗಲ್ಲಿನ ಹೆಸರಿನಿಂದ. ಕನ್ನಡದ ಒಂದು ಊರಿನ ಹೆಸರು ದೇಶದ ಸಂಗೀತ ಸಭೆಗಳಲ್ಲೆಲ್ಲ ಮೊಳಗಿದ್ದು ‘ಬಾಯಿ’ ಎಂದಷ್ಟೇ ಕರೆಯಲಾಗುತ್ತಿದ್ದ ಒಬ್ಬ ಹೆಣ್ಣುಮಗಳಿಂದ.

ಮನ್ನಣೆ ಬಂತು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಮೈಸೂರಿನ ಸಂಗೀತ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರು. ಅವರು ತೀರಿಕೊಂಡದ್ದು 2009ರ ಜುಲೈ 21ರಂದು, 96ನೆಯ ವಯಸ್ಸಿನಲ್ಲಿ. ಮಗಳು ಕೃಷ್ಣಾ ಹಾನಗಲ್ ದಶಕಗಳ ಕಾಲ ವೇದಿಕೆಯಲ್ಲಿ ತಾಯಿಯ ಜೊತೆ ಕೂತು ದನಿಗೂಡಿಸಿದರು, 2004ರಲ್ಲಿ ತಾಯಿಗಿಂತ ಮೊದಲೇ ತೀರಿಕೊಂಡರು. ಹಳೆಯ ಧ್ವನಿಮುದ್ರಣಗಳನ್ನು ಕೇಳುವಾಗ ಗಂಗೂಬಾಯಿಯವರ ಗಡಸು ದನಿಯ ಪಕ್ಕದಲ್ಲಿ ಇನ್ನೊಂದು ತೆಳುವಾದ ದನಿ ಕೇಳುತ್ತದೆ, ಅದು ಕೃಷ್ಣಾ ಅವರದು. ಮೂರು ತಲೆಮಾರಿನ ಹೆಂಗಸರಲ್ಲಿ ಒಬ್ಬರು ಹಾಡು ನಿಲ್ಲಿಸಿದರು, ಒಬ್ಬರು ಹಾಡಿದರು, ಒಬ್ಬರು ಹಿಂದೆ ನಿಂತು ದನಿಗೂಡಿಸಿದರು. ಅಂಚೆಚೀಟಿಯ ಮೇಲೆ ಜಾಗ ಇದ್ದದ್ದು ಒಬ್ಬರಿಗೆ.

ನಮ್ಮ ಮನೆಗಳ ಮಾತು

ಖಾರಘರದ ಫ್ಲಾಟುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ, ಆಟದ ಮೈದಾನದಲ್ಲಿ ಮರಾಠಿ ಮಾತಾಡುತ್ತಾರೆ. ಒಬ್ಬರು ಕೀಬೋರ್ಡ್ ಕ್ಲಾಸಿಗೆ, ಒಬ್ಬರು ಕಥಕ್ಕಿಗೆ, ಒಬ್ಬರು ಹಿಂದುಸ್ತಾನಿಗೆ ಹೋಗುತ್ತಾರೆ. ಇವರಲ್ಲಿ ಕನ್ನಡತನ ಉಳಿಯುತ್ತದೆಯೇ ಎಂದು ಪ್ರತಿ ರಾಜ್ಯೋತ್ಸವದಲ್ಲೂ ನಾವು ಚಿಂತಿಸುತ್ತೇವೆ. ಧಾರವಾಡದ ಈ ಚರಿತ್ರೆ ನಮಗೆ ಸ್ವಲ್ಪ ಧೈರ್ಯ ಕೊಡುತ್ತದೆ. ಬೇರೆಯವರ ಹಾಡನ್ನು ಕಲಿತದ್ದರಿಂದ ಗಂಗೂಬಾಯಿ ಕನ್ನಡಕ್ಕೆ ದೂರವಾಗಲಿಲ್ಲ. ಮಕ್ಕಳು ಪಿಯಾನೋ ನುಡಿಸಲಿ, ಖಯಾಲ್ ಹಾಡಲಿ, ಮನಸಾರೆ ದುಡಿದರೆ ಅದೂ ನಮ್ಮದಾಗುತ್ತದೆ.

ಆದರೆ ಅದೇ ಚರಿತ್ರೆ ಒಂದು ಎಚ್ಚರಿಕೆಯನ್ನೂ ಹೇಳುತ್ತದೆ. ಮಗುವಿನ ಇಂಗ್ಲಿಷ್ ಉಚ್ಚಾರ ಕೆಟ್ಟೀತು ಎಂದು ಮನೆಯಲ್ಲಿ ಕನ್ನಡ ಮಾತಾಡುವುದನ್ನೇ ಬಿಟ್ಟ ಅಮ್ಮಂದಿರು ನಮ್ಮ ನಡುವೆ ಇದ್ದಾರೆ. ಪ್ರೀತಿಯಿಂದಲೇ ಬಿಟ್ಟಿದ್ದಾರೆ, ಅಂಬಾಬಾಯಿಯಂತೆ. ತೊಂಬತ್ತು ವರ್ಷಗಳ ಹಿಂದೆ ಅಂಬಾಬಾಯಿಯವರ ಮುಂದೆ ಬೇರೆ ದಾರಿ ಇರಲಿಲ್ಲವೇನೋ. ನಮ್ಮ ಮುಂದೆ ಇದೆ. ಮಕ್ಕಳು ಎರಡು, ಮೂರು ಭಾಷೆಗಳನ್ನು ಒಟ್ಟಿಗೇ ಕಲಿಯಬಲ್ಲರು, ಎರಡು ಸಂಗೀತಗಳನ್ನು ಒಂದೇ ಕಿವಿಯಲ್ಲಿ ಇಟ್ಟುಕೊಳ್ಳಬಲ್ಲರು. ಖಾನ್ ಸಾಹೇಬರಿಗೆ ಅದು ಸಾಧ್ಯವಾಗಿತ್ತಲ್ಲ.

ನಮ್ಮ ಸಂಘದ ಸದಸ್ಯೆಯರ ಮನೆಗಳಲ್ಲಿ ಸಂಪ್ರದಾಯದ ಹಾಡು, ಸೋಬಾನೆ, ಬೀಸುವ ಕಲ್ಲಿನ ಪದ, ದೇವರ ನಾಮ ಬಲ್ಲ ಅಜ್ಜಿಯರು, ಅತ್ತೆಯರು ಇನ್ನೂ ಇದ್ದಾರೆ. ಅವರ ದನಿಯನ್ನು ಈಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಯಾವ ಊರಿನ ಹಾಡು, ಯಾರಿಂದ ಕಲಿತದ್ದು, ಯಾವ ಸಂದರ್ಭದಲ್ಲಿ ಹಾಡುತ್ತಿದ್ದರು ಎಂಬುದನ್ನೂ ಅವರ ಬಾಯಿಂದಲೇ ಹೇಳಿಸಿ. ನಮ್ಮ ಮಹಿಳಾ ವಿಭಾಗದಿಂದ ಇಂಥ ಧ್ವನಿಗಳ ಒಂದು ಸಂಗ್ರಹ ಆಗಬೇಕೆಂಬುದು ನನ್ನ ಆಸೆ, ಕಂಪ್ಯೂಟರಿನ ಕಡೆಯ ಕೆಲಸವನ್ನು ನಾನು ಮಾಡಿಕೊಡುತ್ತೇನೆ. ಹಾಡಲು ನಾಚುವ ಅಜ್ಜಿಯನ್ನು ಒಪ್ಪಿಸುವ ಕೆಲಸ ಮಾತ್ರ ನಿಮ್ಮದು.